ಹಬ್ಬವಿಲ್ಲದ ವರ್ಷ ದಾವಣಗೆರೆಗೆ

ನಮ್ಮ ಅತ್ತೆ ತೀರಿಕೊಂಡ ವರ್ಷ ನಮ್ಮ ಮನೆಗೆ ಹಬ್ಬವಿರಲಿಲ್ಲ. ಹೆತ್ತವರು ಹೋದರೆ ಗಂಡುಮಕ್ಕಳ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವ ಹಾಗಿಲ್ಲ, ಬೆಟ್ಟ ಹತ್ತುವ ಹಾಗಿಲ್ಲ, ತೀರ್ಥಕ್ಷೇತ್ರಕ್ಕೆ ಹೋಗುವ ಹಾಗಿಲ್ಲ. ಬಾಗಿಲಿಗೆ ತೋರಣ ಕಟ್ಟುವುದಿಲ್ಲ, ಹಬ್ಬದ ಬಾಣಲೆ ಒಲೆ ಏರುವುದಿಲ್ಲ. ಈ ಕಟ್ಟಳೆ ಮಾಡಿದವರು ಗಂಡಸರೇ ಇರಬೇಕು. ಇದರಿಂದ ಅಡುಗೆಮನೆಯ ಹೆಂಗಸರಿಗೆ ಒಂದು ವರ್ಷ ರಜೆ ಸಿಗುತ್ತದೆ ಎಂದು ಅವರಿಗೆ ಹೊಳೆದಿದ್ದರೆ ಖಂಡಿತ ಬೇರೆ ಏನಾದರೂ ಹುಡುಕುತ್ತಿದ್ದರು.

ನಮ್ಮದು ಗವಿಪುರದ ಹಳೇ ಮನೆ. ಕೆಳಗೆ ಭಾವ ಮತ್ತು ನನ್ನ ಓರಗಿತ್ತಿ, ಮಹಡಿಯಲ್ಲಿ ನಾನು ಮತ್ತು ನನ್ನ ಗಂಡ. ಓರಗಿತ್ತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ನಿತ್ಯದ ಅಡುಗೆ ಮೇಲೆ ಕೆಳಗೆ ಬೇರೆ ಬೇರೆಯಾದರೂ ಹಬ್ಬದ ಅಡುಗೆ ಒಂದೇ, ಅದು ಕೆಳಗಿನ ಮನೆಯಲ್ಲಿ. ಗೌರಿ ಗಣೇಶ ಬಂತೆಂದರೆ ಬಳಗವೆಲ್ಲ ಸೇರಿ ಮೂವತ್ತು ಎಲೆ ಬೀಳುತ್ತಿತ್ತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೇಳುತ್ತಿದ್ದರು, ಅಕ್ಕ ಮಡಿಸೀರೆ ಉಟ್ಟು ಮಾಡುತ್ತಿದ್ದರು. ಮಡಿಯಲ್ಲಿದ್ದವರನ್ನು ಯಾರೂ ಮುಟ್ಟಬಾರದು, ಅವರು ನಡುವೆ ಹೊರಗೆ ಬಂದು ಕೂರಬಾರದು, ನೈವೇದ್ಯ ಆಗುವವರೆಗೆ ಒಂದು ತೊಟ್ಟು ಕಾಫಿಯೂ ಬಾಯಿಗೆ ಹೋಗಬಾರದು. ನಾನು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಊರೆಲ್ಲ ಮುಟ್ಟಿ ಬರುವವಳು ಎಂಬ ಕಾರಣಕ್ಕೆ ಒಲೆಯ ಹತ್ತಿರ ನನಗೆ ಪ್ರವೇಶವಿರಲಿಲ್ಲ. ತರಕಾರಿ ಹೆಚ್ಚುವುದು, ಬಡಿಸುವುದು, ಎಲೆ ತೆಗೆಯುವುದು ನನ್ನ ಪಾಲು.

ಎಲ್ಲರದ್ದೂ ಮುಗಿದು ಅಕ್ಕ ಎಲೆಯ ಮುಂದೆ ಕೂರುವ ಹೊತ್ತಿಗೆ ಸಂಜೆ ಕಾಫಿಗೆ ಜನ ಕಾಯುತ್ತಿದ್ದರು. ಪಾಯಸದ ತಳ, ತಣ್ಣಗಾದ ಸಾರು, ಆವಿಯಲ್ಲಿ ಬಾಯಿಬಿಟ್ಟ ಕಡುಬು. ಒಳ್ಳೆಯ ಕಡುಬೆಲ್ಲ ಮೊದಲ ಪಂಕ್ತಿಗೇ ಹೋಗಿಬಿಟ್ಟಿರುತ್ತಿತ್ತು. ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಬರೆಯುವಾಗ ಈಗಲೂ ಬರುತ್ತಿದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮಲ್ಲಿ ಅತ್ತೆಯ ಕಾಲ ತೊಂಬತ್ತನೇ ವಯಸ್ಸಿನವರೆಗೂ ಗಟ್ಟಿಯಾಗಿ ನಡೆಯಿತು. ಅಷ್ಟರಲ್ಲಿ ಹಿರಿ ಸೊಸೆಗೆ ಅರವತ್ತು ದಾಟಿ ಮಂಡಿ ಸವೆದಿತ್ತು.

ಹಬ್ಬಕ್ಕೆ ಎರಡು ವಾರ ಇದೆ ಎನ್ನುವಾಗ ನಾದಿನಿ ಮಲ್ಲೇಶ್ವರದಿಂದ ಬಂದಳು. ಅತ್ತೆಯ ಒಬ್ಬಳೇ ಮಗಳು, ನನ್ನ ಗಂಡನಿಗಿಂತ ಚಿಕ್ಕವಳು. ಮೆಟ್ರೋ ಇಳಿದು ಆಟೋ ಹಿಡಿದು ಬಂದವಳು ನೇರ ಅಡುಗೆಮನೆಗೇ ಬಂದು ಅಮ್ಮನ ಕುರ್ಚಿಯಲ್ಲಿ ಕೂತಳು. ಅವಳು ಕೆಟ್ಟವಳಲ್ಲ. ಅಮ್ಮ ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಬಿಡದೆ ಬಂದು ತಲೆ ಬಾಚಿ ಜಡೆ ಹಾಕಿ ಹೋದವಳು. ಕೆಟ್ಟವಳಾಗಿದ್ದರೆ ಜಗಳ ಸುಲಭವಿತ್ತು.

ಮದುವೆಯಾಗಿ ಹೋದ ಹೆಣ್ಣಿಗೆ ತವರಿನ ಕಟ್ಟಳೆ ತಾಗುವುದಿಲ್ಲ, ಅವಳ ಮನೆಯಲ್ಲಿ ಹಬ್ಬ ಇತ್ತು. ಆದರೆ ಮದುವೆಯಾದಾಗಿನಿಂದ ಹಬ್ಬಕ್ಕೆ ಗವಿಪುರಕ್ಕೇ ಬಂದು ಉಂಡು, ಡಬ್ಬಿಯಲ್ಲಿ ತುಂಬಿಸಿಕೊಂಡು ಹೋಗಿ ಅಭ್ಯಾಸವಾದವಳಿಗೆ ಒಂದು ಕಡುಬು ಮಡಿಸಲೂ ಬರುತ್ತಿರಲಿಲ್ಲ.

"ಹೇಗೂ ಈ ಸಲ ನಿಮಗೆ ಹಬ್ಬ ಇಲ್ವಲ್ಲ ದೊಡ್ಡತ್ತಿಗೆ, ನಮ್ಮನೇಗೆ ಬಂದ್ಬಿಡಿ. ಗುರುವಾರಾನೇ ಬಂದ್ರೆ ಎಲ್ಲ ನಿಧಾನವಾಗಿ ಮಾಡ್ಕೋಬಹುದು. ಚಿಕ್ಕತ್ತಿಗೆ, ನೀವೂ ಬನ್ನಿ. ಅಣ್ಣಂದಿರು ಊಟದ ಹೊತ್ತಿಗೆ ಬಂದ್ರೆ ಆಯ್ತು" ಎಂದಳು.

ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು.

"ಮುಂದಿನ ವರ್ಷದಿಂದ ಮತ್ತೆ ಇಲ್ಲೇ ಮಾಡೋಣ, ಎಲ್ರೂ ಸೇರಿ. ಅಮ್ಮನ ಜಾಗ ಇನ್ಮೇಲೆ ದೊಡ್ಡತ್ತಿಗೇದೇ ಅಲ್ವಾ?"

ಅಮ್ಮನ ಜಾಗವಂತೆ! ಅಮ್ಮನ ಜಾಗದಲ್ಲಿ ತಾನೇ ಕೂತುಕೊಂಡು ಹೇಳುತ್ತಿದ್ದಾಳೆ. ಅಕ್ಕನಿಗೆ ಅವಳು ಕೊಡುತ್ತಿದ್ದುದು ಅದೇ ಹಳೇ ಒಲೆ, ಅದೇ ಮೂವತ್ತು ಎಲೆ, ಅದೇ ತಣ್ಣನೆಯ ಸಾರು. ಹೆಸರು ಮಾತ್ರ ಹೊಸದು. ಈ ಸಲ ಮಲ್ಲೇಶ್ವರಕ್ಕೆ ಹೋಗಿ ಸೌಟು ಹಿಡಿದರೆ ಮುಂದಿನ ವರ್ಷ ಬೇಡ ಎನ್ನಲು ಅಕ್ಕನಿಗೆ ಬಾಯಿರುವುದಿಲ್ಲ. ಆಮೇಲೆ ಕೈಕಾಲು ಬೀಳುವವರೆಗೂ ಅಷ್ಟೇ. ಅದು ನನಗೆ ಗೊತ್ತಿತ್ತು, ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಕ್ಕ ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟು, "ಆ ದಿನ ನಾವು ಊರಲ್ಲಿರಲ್ಲ ಕಣಮ್ಮ" ಎಂದರು.

ನಾನು ಅವರ ಮುಖ ನೋಡಿದೆ. ನನಗೂ ಅದು ಹೊಸ ಸುದ್ದಿ.

"ಎಲ್ಲಿಗೆ ಹೋಗ್ತೀರಾ?" ನಾದಿನಿ ಕೇಳಿದಳು.

"ದಾವಣಗೆರೆಗೆ."

"ದಾವಣಗೆರೆಗಾ? ಅಲ್ಲಿ ಯಾರಿದಾರೆ? ಏನಿದೆ ಅಲ್ಲಿ?"

"ಯಾರೂ ಇಲ್ಲ" ಎಂದು ಅಕ್ಕ ಇನ್ನೊಂದು ಬತ್ತಿಗೆ ಹತ್ತಿ ಎಳೆದರು.

ನಾನು ತಕ್ಷಣ ನುಗ್ಗಿದೆ. "ಹೌದು, ನಾನೂ ಹೋಗ್ತಿದೀನಿ. ಶುಕ್ರವಾರ ಬೆಳಗ್ಗೆ ಹೊರಟು ಭಾನುವಾರ ವಾಪಸ್ಸು. ಟಿಕೆಟ್ ಬುಕ್ ಆಗಿದೆ" ಎಂದೆ. ಆಗಿರಲಿಲ್ಲ. ಶುಕ್ರವಾರ ಗೌರಿ, ಶನಿವಾರ ಗಣೇಶ, ಆಮೇಲೆ ಭಾನುವಾರ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದ ಸುಳ್ಳು. ಆ ಸುಳ್ಳಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.

"ಅಮ್ಮ ಹೋಗಿ ಇನ್ನೂ ವರ್ಷ ಆಗಿಲ್ಲ. ಈಗ ಟೂರಾ?" ನಾದಿನಿಯ ದನಿ ನಡುಗಿತು. "ವರ್ಷದೊಳಗೆ ಕ್ಷೇತ್ರಕ್ಕೆಲ್ಲ ಹೋಗೋ ಹಾಗಿಲ್ಲ, ಗೊತ್ತಲ್ವಾ?"

"ಅದಕ್ಕೇ ದಾವಣಗೆರೆ. ಬೆಟ್ಟ ಹತ್ತೋದಿಲ್ಲ, ಕ್ಷೇತ್ರ ನೋಡೋದಿಲ್ಲ. ಅಲ್ಲೇನೂ ಇಲ್ಲ ಅಂತ ನೀನೇ ಹೇಳ್ತಿದೀಯಲ್ಲ" ಎಂದೆ.

ಸುದ್ದಿ ಸಂಜೆಯೊಳಗೆ ಬಳಗಕ್ಕೆಲ್ಲ ಮುಟ್ಟಿತು. ಮೈಸೂರು ಎಂದಿದ್ದರೆ, ಊಟಿ ಎಂದಿದ್ದರೆ ಜನ ಬೈದು ಸುಮ್ಮನಾಗುತ್ತಿದ್ದರೇನೋ. ದಾವಣಗೆರೆ ಎಂದದ್ದು ಅವರಿಗೆ ಅವಮಾನದ ಹಾಗೆ ಕಂಡಿತು. ಅಲ್ಲಿ ಏನಿದೆ, ಅಲ್ಲಿ ಏನಿದೆ, ಎಲ್ಲರದೂ ಅದೇ ಪ್ರಶ್ನೆ. ಇಬ್ಬರು ಹೆಂಗಸರು ಮೂರು ದಿನ ಇರಬೇಕಾದರೆ ಊರಿನಲ್ಲಿ ಏನೋ ಇರಲೇಬೇಕು ಎಂದು ಇವರಿಗೆ ಯಾರು ಹೇಳಿದರು? ನನ್ನ ಗಂಡ, "ನಂಗೇನೂ ಅಭ್ಯಂತರ ಇಲ್ಲ, ಅಣ್ಣನ್ನ ಕೇಳು" ಎಂದರು. ಭಾವ, "ನಂಗೇನೂ ಅಭ್ಯಂತರ ಇಲ್ಲ, ತಂಗಿಗೆ ಬೇಜಾರಾಗದೇ ಇದ್ರೆ ಸಾಕು" ಎಂದರು. ಅಣ್ಣತಮ್ಮಂದಿರು ಯಾವ ಜಗಳದಲ್ಲೂ ಹೀಗೆಯೇ, ಚೆಂಡನ್ನು ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಎಸೆದು ಪೇಪರು ಓದಲು ಕೂರುತ್ತಾರೆ.

ದಾವಣಗೆರೆಗೆ ಯಾರು ಹೋಗುತ್ತಾರೆ, ಸೀಟಿಗೇನು ಬರ ಎಂದುಕೊಂಡು ಫೋನು ತೆಗೆದರೆ ರೈಲು ಹೆಚ್ಚುಕಡಿಮೆ ತುಂಬಿತ್ತು. ಬೆಂಗಳೂರಿನ ಅರ್ಧ ಜನಕ್ಕೆ ಅದು ಹಬ್ಬಕ್ಕೆ ಹೋಗುವ ಸ್ವಂತ ಊರು ಎನ್ನುವುದು ಗವಿಪುರದಲ್ಲಿ ಕೂತ ನಮಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಎರಡು ಸೀಟು ಸಿಕ್ಕಿತು, ಒಂದು ಈ ಕಡೆ, ಒಂದು ಆ ಕಡೆ. ಗೌರಿಯ ಬೆಳಗ್ಗೆ ನಾವು ಮೆಜೆಸ್ಟಿಕ್ಕಿನ ಸ್ಟೇಷನ್ನಿಗೆ ಹೊರಟಾಗ ಬೀದಿಯಲ್ಲಿ ಹೆಂಗಸರು ಬಾಗಿನದ ಮೊರ ಹಿಡಿದು ಓಡಾಡುತ್ತಿದ್ದರು. ನಮ್ಮ ಕೈಯಲ್ಲಿ ಒಂದೊಂದು ಬ್ಯಾಗು. ಎದುರು ಮನೆಯಾಕೆ ಕಿಟಕಿಯಿಂದ ನೋಡಿದರು. ಅಕ್ಕ ಆಕೆಗೆ ಕೈ ಬೀಸಿದರು.

ದಾರಿಯಲ್ಲಿ ಪಕ್ಕದವರನ್ನು ಕೇಳಿಕೊಂಡು ಸೀಟು ಬದಲಾಯಿಸಿ ಇಬ್ಬರೂ ಒಟ್ಟಿಗೆ ಕೂತೆವು. ಆಗ ಕೇಳಿದೆ, "ಯಾಕಕ್ಕ ದಾವಣಗೆರೆ?"

ಹುಬ್ಬಳ್ಳಿ ಕಡೆ ನಮ್ಮ ಅತ್ತೆಯ ತವರಿನವರಿದ್ದರು. ಮದುವೆ ಮುಂಜಿ ಎಂದು ಬಳಗದ ಜೊತೆ ಅಕ್ಕ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದರು, ಯಾವಾಗಲೂ ಮಡಿಲಲ್ಲಿ ಒಂದು ಊಟದ ಡಬ್ಬಿ ಇಟ್ಟುಕೊಂಡು.

"ರೈಲು ದಾವಣಗೆರೇಲಿ ನಿಲ್ತಿತ್ತು. ಕಿಟಕೀಲಿ ನೋಡಿದ್ರೆ ಪ್ಲಾಟ್‌ಫಾರಂ ಮೇಲೆ ಎಷ್ಟು ಜನ, ಏನ್ ಗಲಾಟೆ! ಇಳಿದು ಒಂದು ನಾಲ್ಕು ಹೆಜ್ಜೆ ಓಡಾಡೋಣ ಅನ್ಸೋದು. ಅತ್ತೆ ಸೆರಗು ಹಿಡ್ಕೊಳ್ಳೋರು. ಇಳೀಬೇಡ, ರೈಲು ಹೊರಟ್ಬಿಡತ್ತೆ ಅನ್ನೋರು. ಹೊರಟ್ರೆ ಹೊರಡ್ಲಿ ಅಂತ ನಂಗೆ ಪ್ರತಿ ಸಲಾನೂ ಅನ್ಸೋದು ಕಣೇ."

ದಾವಣಗೆರೆಯಲ್ಲಿ ಇಳಿದೆವು. ಮೆಟ್ಟಿಲ ಕಡೆ ನಡೆಯಹೋದರೆ ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. ಬ್ಯಾಗನ್ನು ಕಾಲ ಬಳಿ ಇಟ್ಟುಕೊಂಡು ರೈಲನ್ನೇ ನೋಡುತ್ತಾ ನಿಂತರು. ರೈಲು ಕೂಗಿತು, ಅಲುಗಿತು, ನಿಧಾನವಾಗಿ ಹೊರಟಿತು. ಕೊನೆಯ ಬೋಗಿ ದಾಟುವವರೆಗೂ ಅಕ್ಕ ಕದಲಲಿಲ್ಲ.

"ಹೊರಟೋಯ್ತು" ಎಂದರು. ಮುಖ ಇಷ್ಟಗಲವಾಗಿತ್ತು.

ಸ್ಟೇಷನ್ನಿಗೆ ಹತ್ತಿರದ ಲಾಡ್ಜಿನಲ್ಲಿ ಕೌಂಟರಿನ ಹಿಂದಿದ್ದವರು ಹಣೆಗೆ ವಿಭೂತಿ ಹಚ್ಚಿದ್ದ ವಯಸ್ಸಾದ ಮ್ಯಾನೇಜರು. ನಮ್ಮಿಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು.

"ಯಾವ್ ಕೆಲ್ಸದ ಮ್ಯಾಲೆ ಬಂದ್ರಿ ಅಮ್ಮಾರೆ?"

"ಕೆಲಸ ಏನಿಲ್ಲ, ಸುಮ್ನೆ ಬಂದ್ವಿ" ಎಂದೆ.

"ಆಸ್ಪತ್ರಿಗೇನ್ರಿ? ಪೇಷಂಟು ಯಾರು?"

"ಯಾರಿಗೂ ಏನಾಗಿಲ್ಲ."

"ಮದುವಿ ಬಟ್ಟಿ ತಗೊಳ್ಳಾಕಾ? ಮಕ್ಳ ಕಾಲೇಜ್ ಸೀಟಿಗಾ?"

"ಅದೂ ಅಲ್ಲ. ಊರು ನೋಡೋಕೆ."

ಅವರು ಪೆನ್ನು ಕೆಳಗಿಟ್ಟರು. "ಈ ಊರ್ನಾಗೆ ನೋಡಾಕ್ ಏನೈತ್ರಿ?"

ಅಯ್ಯೋ, ಇವರೂ ನಮ್ಮ ಬಳಗದವರೇ ಎನ್ನಿಸಿತು. ಅಕ್ಕ ಕೌಂಟರಿನ ಮೇಲೆ ಎರಡೂ ಕೈ ಊರಿ, "ಏನೂ ಇಲ್ದೇ ಇದ್ರೆ ಒಳ್ಳೇದೇ ಆಯ್ತು ಸ್ವಾಮಿ, ಆರಾಮಾಗಿ ಕೂತ್ಕೋತೀವಿ. ರೂಮಲ್ಲಿ ಕುರ್ಚಿ ಇದೆ ತಾನೆ?" ಎಂದರು. ಕುರ್ಚಿ ಎರಡಿದ್ದವು. ಒಂದರ ಕೈ ಅಲುಗಾಡುತ್ತಿತ್ತು.

ಆ ಸಂಜೆ ಆಟೋದವರೊಬ್ಬರು ನಮ್ಮನ್ನು ಮಂಡಕ್ಕಿ ಭಟ್ಟಿಗಳ ಕಡೆ ಕರೆದುಕೊಂಡು ಹೋದರು. ನಾವು ಪುರಿ ಎನ್ನುವುದನ್ನು ಅಲ್ಲಿ ಮಂಡಕ್ಕಿ ಎನ್ನುತ್ತಾರೆ. ಕಾದ ಮರಳಿಗೆ ಅಕ್ಕಿ ಬಿದ್ದು ಕಣ್ಣುಮುಚ್ಚಿ ತೆರೆಯುವುದರಲ್ಲಿ ಬಾಣಲೆ ತುಂಬ ಬಿಳಿ ಉಕ್ಕುತ್ತಿತ್ತು. ಹಬ್ಬವಾದರೂ ಒಂದೆರಡು ಕಡೆ ಕೆಲಸ ನಡೆದಿತ್ತು. ಅಕ್ಕ ಅಷ್ಟು ದೂರದಲ್ಲೇ ನಿಂತರು. ಬಿಸಿಯ ಹತ್ತಿರ ಹೋಗಿ ಹೋಗಿ ಸಾಕಾಗಿದೆ, ನೀನು ಬೇಕಾದರೆ ನೋಡು ಎಂದರು. ಆಮೇಲೆ ಬೀದಿಬದಿಯ ಗಾಡಿಯಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತೆಗೆದುಕೊಂಡೆವು. ಮಂಡಕ್ಕಿಯ ಮೇಲೆ ಹಸಿ ಈರುಳ್ಳಿ ಹೆಚ್ಚಿ ಉದುರಿಸಿದ್ದರು. ನಮ್ಮ ಕೆಳಗಿನ ಅಡುಗೆಮನೆಗೆ ಈರುಳ್ಳಿ ಎಂದೂ ಹೊಸ್ತಿಲು ದಾಟಿ ಬಂದದ್ದಿಲ್ಲ. ನಾನು ಮಹಡಿಯಲ್ಲಿ ಕದ್ದು ಹುಳಿಗೆ ಹಾಕಿದರೂ ಅತ್ತೆ ಮೂಗಿನಲ್ಲೇ ಹಿಡಿಯುತ್ತಿದ್ದರು.

"ಅಕ್ಕ, ಈರುಳ್ಳಿ ಇದೆ. ತೆಗೆಸ್ಲಾ?"

"ಯಾಕೆ, ಹಾಕಿರೋದೇ ಕಮ್ಮಿ ಇದೆ" ಎಂದು ಗಾಡಿಯವನ ಮುಂದೆ ಪೊಟ್ಟಣ ಹಿಡಿದರು.

ಮರುದಿನ ಗಣೇಶನ ಹಬ್ಬ. ಬೆಳಕು ಹರಿಯುವ ಮುಂಚೆ ನನಗೆ ನೀರಿನ ಸದ್ದು ಕೇಳಿ ಎಚ್ಚರವಾಯಿತು. ಅಕ್ಕ ತಣ್ಣೀರಲ್ಲೇ ತಲೆಗೆ ಸ್ನಾನ ಮಾಡಿ, ಕೂದಲಿಗೆ ಬಟ್ಟೆ ಸುತ್ತಿ, ಕೋಣೆಯ ನಡುವೆ ನಿಂತಿದ್ದರು. ಲೈಟು ಹಾಕಿದೆ. ಅವರ ಕೈಗಳು ಮುಂದೆ ಚಾಚಿದ್ದವು, ಏನನ್ನೋ ಎತ್ತಿಕೊಳ್ಳಲು ಹೊರಟ ಹಾಗೆ.

"ಎಚ್ಚರ ಆಗ್ಬಿಡ್ತು. ಈಗ ಏನ್ ಮಾಡ್ಲೇ ನಾನು?" ಎಂದರು. ದನಿ ನೋಡಿದರೆ ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ಯಾರ ಮೇಲೆ ಎಂದು ತಿಳಿಯದ ಸಿಟ್ಟಿನಲ್ಲಿ, "ಮಲ್ಕೊಳ್ಳಿ" ಎಂದು ಗದರಿಬಿಟ್ಟೆ. ಅಕ್ಕ ಒದ್ದೆ ಕೂದಲಲ್ಲೇ ಮಲಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಬಿಸಿಲು ಕಿಟಕಿಯಿಂದ ಹಾಸಿಗೆಗೆ ಬಂದು ಬಿದ್ದರೂ ಏಳಲಿಲ್ಲ.

ಆ ದಿನ ತಿಂಡಿಗೆ ಹೋದದ್ದು ಬೆಣ್ಣೆ ದೋಸೆ ಹೋಟೆಲಿಗೆ. ಚಿಕ್ಕ ಜಾಗ, ಮರದ ಬೆಂಚು, ಸೌದೆ ಒಲೆಯ ಹೊಗೆ. ದೋಸೆಯ ಮೇಲೆ ಬೆಣ್ಣೆ, ಪಕ್ಕದಲ್ಲಿ ಬಿಳಿ ಚಟ್ನಿ, ಆಲೂಗಡ್ಡೆ ಪಲ್ಯ. ಹೋಟೆಲಿನಲ್ಲಿ ತಿಂದು ಅಭ್ಯಾಸವಿಲ್ಲದವರು, ಹೇಗೆ ತಿನ್ನುತ್ತಾರೋ ಎಂದು ನಾನು ಕಳ್ಳಗಣ್ಣಿನಲ್ಲಿ ನೋಡುತ್ತಿದ್ದೆ. ಅಕ್ಕ ದೋಸೆಯ ಅಂಚನ್ನು ಮುರಿದು, ಬೆಳಕಿಗೆ ಹಿಡಿದು, ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ನಮ್ಮ ಗಾಂಧಿ ಬಜಾರಿನದಕ್ಕಿಂತ ಬೆಣ್ಣೆ ಜಾಸ್ತಿ. ಗರಿ ಮಾತ್ರ ನಮ್ದೇ ಮೇಲು" ಎಂದರು.

"ಗಾಂಧಿ ಬಜಾರಿಂದಾ? ನೀವು ಯಾವಾಗ ತಿಂದ್ರಿ?"

"ಹೂವು ತರೋಕೆ ಇಷ್ಟು ಹೊತ್ತು ಬೇಕೇನೇ ಅಂತ ಅತ್ತೆ ಕೇಳ್ತಿರಲಿಲ್ವಾ? ಹೂವಿಗೆ ಅಷ್ಟು ಹೊತ್ತು ಬೇಡ. ದೋಸೆಗೆ ಬೇಕು."

ನಾನು ಬಾಯಿ ಬಿಟ್ಟುಕೊಂಡು ಕೂತೆ. ನಾನು ಮನೆಯೊಳಗೆ ಕಾಲಿಡುವ ಮುಂಚಿನಿಂದಲೂ ಹಬ್ಬದ ಮುನ್ನಾದಿನಗಳಲ್ಲಿ ಈ ಮಹಾತಾಯಿ ಮಲ್ಲಿಗೆ, ಸೇವಂತಿಗೆಯ ಚೀಲ ಪಕ್ಕದಲ್ಲಿಟ್ಟುಕೊಂಡು ದೋಸೆ ತಿಂದು, ಬಾಯಿ ಮುಕ್ಕಳಿಸಿ, ಏನೂ ಅರಿಯದವರ ಹಾಗೆ ಮನೆಗೆ ಬರುತ್ತಿದ್ದರು. ಇವರಿಗಾಗಿ ನಾನು ಮರುಗುತ್ತಾ ಕೂತಿದ್ದೆ!

ಎರಡನೇ ದೋಸೆ ಬರುವ ಹೊತ್ತಿಗೆ ಅಕ್ಕನ ಫೋನು ಹೊಡೆದುಕೊಂಡಿತು. ನಾದಿನಿ. ಅಕ್ಕ ಎಡಗೈಯಲ್ಲಿ ಫೋನು ಹಿಡಿದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು.

"ದೊಡ್ಡತ್ತಿಗೆ, ಎಲ್ಲಿದೀರಾ? ಏನು ಗಲಾಟೆ?"

"ಹೋಟ್ಲಲ್ಲಿ."

ನಾದಿನಿ ಅದನ್ನು ನುಂಗಿಕೊಂಡು, "ಕಡುಬು ಮಾಡೋಕೆ ಕಾಯ್ತಾ ಇದೀವಿ, ಅಳತೆ ಗೊತ್ತಾಗ್ತಿಲ್ಲ. ಹೂರಣಕ್ಕೆ ಎಷ್ಟು ಕಾಯಿ, ಎಷ್ಟು ಬೆಲ್ಲ, ಸ್ವಲ್ಪ ಹೇಳಿ" ಎಂದಳು.

ಅಕ್ಕ ಸಹಸ್ರನಾಮ ಹೇಳುವವರ ಹಾಗೆ ಒಂದೇ ಉಸಿರಿನಲ್ಲಿ ಹೇಳಿದರು. "ಬಲಿತ ಕಾಯಿ ಹನ್ನೆರಡು, ಬೆಲ್ಲ ಎರಡು ಕೆಜಿ, ಅಕ್ಕಿ ಹಿಟ್ಟು ಮೂರು ಸೇರು. ಹಿಟ್ಟು ಬೇಯಿಸೋವಾಗ ಒಂದು ಚಮಚ ಎಣ್ಣೆ. ಏಲಕ್ಕಿ ಕೊನೇಲಿ."

"ಹನ್ನೆರಡಾ? ಅಷ್ಟೊಂದಾ?"

"ಯಾವತ್ತೂ ಹನ್ನೆರಡೇ. ಕಮ್ಮಿ ಮಾಡಿದ್ರೆ ಅಮ್ಮ ಬಿಡ್ತಿದ್ರಾ?"

ಅಮ್ಮನ ಹೆಸರು ಬಂದ ಮೇಲೆ ನಾದಿನಿ ಎದುರಾಡುವವಳಲ್ಲ. "ಸೇರು ಅಂದ್ರೆ ಎಷ್ಟಾಗತ್ತೆ?" ಎಂದಳು.

"ಅಮ್ಮನ ಹಿತ್ತಾಳೆ ಸೇರು ನೆನಪಿಗಿರ್ಲಿ ಅಂತ ನೀನೇ ತಗೊಂಡು ಹೋದ್ಯಲ್ಲಮ್ಮ. ಅದ್ರಲ್ಲೇ ಅಳಿ."

ಫೋನು ಇಟ್ಟ ಮೇಲೆ ನನಗೆ ಹೊಳೆಯಿತು. ಮಲ್ಲೇಶ್ವರದಲ್ಲಿ ಊಟಕ್ಕಿರುವುದು ನಾದಿನಿಯ ಮನೆಯವರು, ಜೊತೆಗೆ ನಮ್ಮಿಬ್ಬರ ಗಂಡಂದಿರು. ಎಲ್ಲ ಸೇರಿ ಎಂಟು ಎಲೆ.

"ಅಕ್ಕ, ನೀವು ಹೇಳಿದ್ದು ಮೂವತ್ತು ಜನರ ಅಳತೆ ಅಲ್ವಾ?"

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. ಅವರ ಮುಖದಲ್ಲಿ ನಿಜವಾದ ಗಾಬರಿ ಕಂಡಿತು. "ಅಯ್ಯೋ, ಹೌದಲ್ಲೇ. ನಂಗೆ ಬೇರೆ ಅಳತೆ ಬರಲ್ವಲ್ಲ! ಎಂಟು ಜನಕ್ಕೆ ನಾನು ಯಾವತ್ತು ಕಡುಬು ಮಾಡಿದೀನಿ?"

ನಾನು ಫೋನಿಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಮೇಲೆ ತಮ್ಮ ಕೈ ಇಟ್ಟರು. ಬೆಣ್ಣೆಯ ಕೈ. ಒಂದು ಗಳಿಗೆ ಯೋಚಿಸಿದರು.

"ಇರ್ಲಿ ಬಿಡು. ದೋಸೆ ಆರೋಗತ್ತೆ" ಎಂದರು.

ಆದದ್ದು ಇಷ್ಟೇ. ಮೊದಲನೆಯದು, ಆ ಅಳತೆ, ತಪ್ಪಿ ಆದದ್ದು; ಎರಡನೆಯದು, ತಿರುಗಿ ಫೋನು ಮಾಡದ್ದು, ತಪ್ಪಿ ಆದದ್ದಲ್ಲ. ನಾನು ಸಾಕ್ಷಿ, ಮತ್ತು ಆ ಎರಡನೆಯದರಲ್ಲಿ ನನಗೂ ಸಮಪಾಲಿದೆ.

ಸಂಜೆ ಕುಂದವಾಡ ಕೆರೆಗೆ ಹೋದೆವು. ಊರಿನೊಳಗೆ ಗಣೇಶನ ಪೆಂಡಾಲುಗಳ ಹಾಡು, ಡೊಳ್ಳು. ಕೆರೆಯ ಏರಿಯ ಮೇಲೆ ವಾಕಿಂಗಿಗೆ ಬಂದ ಕೆಲವರು ಬಿಟ್ಟರೆ ಜನವಿರಲಿಲ್ಲ. ಅಕ್ಕ ಮಂಡಿ ಹಿಡಿದುಕೊಂಡು ಕಲ್ಲುಬೆಂಚಿನ ಮೇಲೆ ಕೂತರು. ಪಡುವಣದ ಮೋಡ ಸರಿದು ಉಗುರಿನಷ್ಟು ಚಂದ್ರ ಕಾಣಿಸಿಕೊಂಡ. ನಾನು ಥಟ್ಟನೆ ತಲೆ ತಗ್ಗಿಸಿದೆ. ಚೌತಿಯ ಚಂದ್ರನನ್ನು ನೋಡಿದರೆ ಮಾಡದ ತಪ್ಪಿನ ಅಪವಾದ ಬರುತ್ತದೆ. ಚಿಕ್ಕಂದಿನಿಂದ ಆ ಒಂದು ಸಂಜೆ ನೆಲ ನೋಡಿಕೊಂಡು ನಡೆದು ರೂಢಿ.

"ಮೇಲೆ ನೋಡ್ಬೇಡಿ ಅಕ್ಕ, ಚಂದ್ರ ಇದಾನೆ."

"ಎಲ್ಲಿ?" ಎಂದು ಅಕ್ಕ ಮುಖವೆತ್ತಿ ಹುಡುಕಿದರು. ಸಿಕ್ಕಿದ ಮೇಲೂ ಕಣ್ಣು ತೆಗೆಯಲಿಲ್ಲ.

"ಅಪವಾದ ಬರತ್ತೆ ಅಕ್ಕ."

"ಬರ್ಲಿ. ನೋಡದೇನೇ ನಲವತ್ತು ವರ್ಷ ಬೈಸ್ಕೊಂಡಿದೀನಿ. ಈ ಸಲ ನೋಡೇ ಬೈಸ್ಕೋತೀನಿ."

ನಾನೂ ನೋಡಿದೆ. ಚೆನ್ನಾಗಿಯೇ ಇದ್ದ.

ಅಕ್ಕ ಮಂಡಿ ನೀವಿಕೊಳ್ಳುತ್ತಾ ಕೇಳಿದರು. "ಮುಂದಿನ ವರ್ಷ ಏನ್ ಹೇಳ್ಲಿ ಅವ್ಳಿಗೆ? ಮಂಡಿ ನೋವು ಅಂದ್ರೆ ಮಾತ್ರೆ ತಂದ್ಕೊಡ್ತಾರೆ. ಕೈಲಾಗಲ್ಲ ಅಂದ್ರೆ ಸಹಾಯಕ್ಕೆ ಜನ ಕರೆಸ್ತಾರೆ. ಒಲೆ ಮುಂದೆ ನಿಲ್ಲೋದು ಮಾತ್ರ ನಾನೇ. ಇಷ್ಟ ಇಲ್ಲ ಅಂದ್ರೆ ಏನ್ ಮಾಡ್ತಾರೆ?"

"ಅದನ್ನ ಯಾರೂ ಹೇಳಿ ನೋಡಿಲ್ಲ ಅಕ್ಕ."

"ಹೂಂ" ಎಂದರು. ಕತ್ತಲಾಗುವ ಮುಂಚೆ ಎದ್ದು ಆಟೋ ಹಿಡಿದೆವು.

ಭಾನುವಾರ ಸಂಜೆ ಗವಿಪುರಕ್ಕೆ ಬಂದಾಗ ನಾದಿನಿ, ಭಾವ, ನನ್ನ ಗಂಡ ಮೂವರೂ ಕೆಳಗಿನ ಮನೆಯಲ್ಲಿ ಕಾಯುತ್ತಿದ್ದರು. ನನ್ನ ಗಂಡನ ಹೆಬ್ಬೆರಳಿಗೆ ಬ್ಯಾಂಡೇಜು. ಭಾವ ಸೊಂಟಕ್ಕೆ ದಿಂಬು ಒತ್ತಿಕೊಂಡು ಕೂತಿದ್ದರು. ಹನ್ನೆರಡು ಕಾಯಿ ತುರಿದವರು ಅವರಿಬ್ಬರೇ ಎಂದು ಆಮೇಲೆ ತಿಳಿಯಿತು. ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿಗಳು ಸಾಲಾಗಿ ಇದ್ದವು, ಎಲ್ಲದರ ತುಂಬ ಮಿಕ್ಕ ಹೂರಣ.

ನಾದಿನಿಯ ಕಣ್ಣು ಕೆಂಪಾಗಿತ್ತು. "ಸಂಜೆವರೆಗೂ ಕಡುಬು ಮಡಿಸಿದೀನಿ ದೊಡ್ಡತ್ತಿಗೆ. ಅಪಾರ್ಟ್‌ಮೆಂಟಿನ ಒಂದೊಂದು ಮನೆಗೂ ಹಂಚಿದೀನಿ. ವಾಚ್‌ಮನ್‌ಗೆ, ಇಸ್ತ್ರಿಯವರಿಗೆ, ಲಿಫ್ಟ್ ರಿಪೇರಿಗೆ ಬಂದೋರಿಗೂ ಕೊಟ್ಟಿದೀನಿ. ನೀವು ಬೇಕು ಅಂತಲೇ ಜಾಸ್ತಿ ಹೇಳಿದ್ದು, ಅಲ್ವಾ?"

ಅಕ್ಕ ನನ್ನ ಕಡೆ ತಿರುಗಿ, "ನೋಡು, ಬಂತು ಅಪವಾದ" ಎಂದರು. ಆಮೇಲೆ ಅತ್ತೆಯ ಕುರ್ಚಿಯನ್ನು ಎಳೆದುಕೊಂಡು ಅದರಲ್ಲಿ ಕೂತರು. ಅದರಲ್ಲಿ ಅವರು ಕೂತದ್ದು ಅದೇ ಮೊದಲು. ಮನೆಯಲ್ಲಿ ಎಲ್ಲರೂ ಅದನ್ನು ನೋಡಿದೆವು.

"ನಂಗೆ ಆ ಒಂದು ಅಳತೆ ಬಿಟ್ರೆ ಬೇರೆ ಬರಲ್ಲಮ್ಮ. ನೀವ್ಯಾರೂ ಬೇರೆ ಅಳತೇಲಿ ಮಾಡೋಕೆ ಬಿಡ್ಲಿಲ್ಲ."

"ಹೋಗ್ಲಿ ಬಿಡಿ, ಆಗಿದ್ದಾಯ್ತು" ನಾದಿನಿ ಮೂಗು ಒರೆಸಿಕೊಂಡಳು. "ಮುಂದಿನ ವರ್ಷ ಹೇಗೂ ನೀವಿರ್ತೀರಲ್ಲ, ಇಲ್ಲೇ."

"ಇಲ್ಲ. ಮುಂದಿನ ವರ್ಷಾನೂ ನಾನು ಮಾಡಲ್ಲ."

"ಮಂಡಿ ನೋವಾ ಅತ್ತಿಗೆ? ಸಹಾಯಕ್ಕೆ ಯಾರನ್ನಾದ್ರೂ ಕರೆಸೋಣ."

"ಮಂಡಿ ನೋವಲ್ಲ. ನಂಗೆ ಇಷ್ಟ ಇಲ್ಲ."

ಆ ಮಾತು ನಮ್ಮ ಮನೆಯ ಅಡುಗೆಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಭಾವ ಏನೋ ಹೇಳಲು ಬಾಯಿ ತೆರೆದರು. ನನ್ನ ಗಂಡ ಬ್ಯಾಂಡೇಜಿನ ಬೆರಳನ್ನು ಅವರ ತೊಡೆಯ ಮೇಲಿಟ್ಟು ಒತ್ತಿದರು. ಆ ಮನುಷ್ಯ ಸರಿಯಾದ ಹೊತ್ತಿಗೆ ಮಾಡಿದ ಒಂದು ಒಳ್ಳೆಯ ಕೆಲಸ ಎಂದರೆ ಅದು.

"ಹಾಗಾದ್ರೆ ಹಬ್ಬ?" ನಾದಿನಿಯ ದನಿ ಮಗುವಿನಂತಾಗಿತ್ತು. "ಅಮ್ಮ ನಡೆಸ್ಕೊಂಡು ಬಂದಿದ್ದು ನಿಂತೋಗತ್ತಾ?"

"ಯಾಕೆ ನಿಲ್ಬೇಕು? ಸೇರು ನಿನ್ನ ಹತ್ರಾನೇ ಇದೆ. ಅಳತೆ ಗೊತ್ತಾಯ್ತು. ಅಣ್ಣಂದಿರಿಗೆ ಕಾಯಿ ತುರಿಯೋಕೂ ಬಂತು. ನಾವು ಊಟದ ಹೊತ್ತಿಗೆ ಬರ್ತೀವಿ" ಎಂದರು ಅಕ್ಕ.

ಬಳಗದಲ್ಲಿ ಆ ವರ್ಷವೆಲ್ಲ ನಮ್ಮದೇ ಮಾತು. ಚಿಕ್ಕವಳು ದೊಡ್ಡವಳ ಕಿವಿ ಕಚ್ಚಿದಳು, ದಾವಣಗೆರೆಯಲ್ಲಿ ಯಾರೋ ಮದ್ದು ಹಾಕಿದರು ಎಂದವರೂ ಇದ್ದರು. ಹಾಕಿದರು, ಹೌದು. ಬೆಣ್ಣೆ ಹಾಕಿದರು.

ಮುಂದಿನ ವರ್ಷ ಹಬ್ಬ ಮಲ್ಲೇಶ್ವರದಲ್ಲಾಯಿತು. ನಾವು ಹೇಳಿದ ಹಾಗೆ ಊಟದ ಹೊತ್ತಿಗೇ ಹೋದೆವು. ಬಳಗದವರು ಕೆಲವರು ಮುನಿಸಿಕೊಂಡು ಬಂದಿರಲಿಲ್ಲ, ಬಂದವರು ಮುನಿಸಿಕೊಂಡೇ ಕೂತಿದ್ದರು. ನಾದಿನಿ ಹಣೆಯ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು, ಯಾರನ್ನೂ ಕೇಳದೆ ಅಕ್ಕನ ಕೈ ಹಿಡಿದು ಮೊದಲ ಪಂಕ್ತಿಯಲ್ಲಿ ಕೂರಿಸಿದಳು. ಅದನ್ನು ಅವಳೇ ಮಾಡಿದಳು, ಅದಕ್ಕೆ ಅವಳ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ನಾನು ಪಕ್ಕದ ಎಲೆಗೆ ಕೂತೆ. ಭಾವ ಕೋಸಂಬರಿ ಬಡಿಸಿದರು, ನನ್ನ ಗಂಡ ತುಪ್ಪ ಹಿಡಿದು ಬಂದರು. ಕಡುಬಿನ ಮಡಿಕೆ ಸೊಟ್ಟಗಿತ್ತು, ಆದರೆ ಬಾಯಿ ಬಿಟ್ಟಿರಲಿಲ್ಲ. ಆವಿ ಏಳುತ್ತಿತ್ತು. ಅಕ್ಕ ಮುರಿದರು, ಬೆರಳು ಸುಟ್ಟು ಕೈ ಕೊಡವಿದರು, ಊದಿ ಬಾಯಿಗಿಟ್ಟುಕೊಂಡರು. ಸ್ವಲ್ಪ ಹೊತ್ತು ಅಗಿಯುವುದನ್ನೂ ನಿಲ್ಲಿಸಿ ಕೂತರು.

ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಬಿಸಿ ಇದ್ರೆ ಇದು ಹೀಗಿರತ್ತೇನೇ?"